ಫಾರಂ ನಾನೇ ತುಂಬಬೇಕಿತ್ತು

2025ರ ಮೇ 30ರ ಬೆಳಿಗ್ಗೆ ನಮ್ಮ ಮನೆಯಲ್ಲಿ ಟಿವಿ ಹಾಕಿದ್ದು ನಾನಲ್ಲ, ಅಪ್ಪ. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಮೂರೂ ಸೇನೆಗಳಿಗೆ ಅಧಿಕಾರಿಗಳನ್ನು ತಯಾರು ಮಾಡುವ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯ (ಎನ್‌ಡಿಎ) 148ನೇ ಕೋರ್ಸಿನ ಪಾಸಿಂಗ್ ಔಟ್ ಪರೇಡ್. ಹುಡುಗರ ಜೊತೆ 17 ಜನ ಹುಡುಗಿಯರು ಮೈದಾನದಲ್ಲಿ ಹೆಜ್ಜೆ ಹಾಕುತ್ತಿದ್ದರು. ಎನ್‌ಡಿಎಯಿಂದ ಪಾಸಾಗಿ ಹೊರಬಂದ ಮೊದಲ ಹುಡುಗಿಯರು ಅವರು. ಅಮ್ಮ ಒಲೆ ಸಣ್ಣ ಮಾಡಿ ಬಂದು ಬಾಗಿಲ ಹತ್ತಿರ ನಿಂತಳು. ಯಾರೂ ಮಾತಾಡಲಿಲ್ಲ. ಪರೇಡ್ ಮುಗಿದಮೇಲೆ ಅಪ್ಪ ಟಿವಿ ಆರಿಸಿ, ಟಿಫನ್ ಡಬ್ಬಿ ತಗೊಂಡು ಡಿಪೋಗೆ ಹೋದರು.

ಆ 17 ಜನರಲ್ಲಿ ಒಬ್ಬರ ಪರಿಚಯವೂ ನನಗಿಲ್ಲ. ಆದರೆ ಅವರೂ ನಾನೂ ಒಂದೇ ಪರೀಕ್ಷೆಗೆ, ಅದೇ ಹದಿನೈದು ದಿನದೊಳಗೆ ಅರ್ಜಿ ಹಾಕಿದವರು. ಅವರು ಪರೇಡ್ ಮಾಡಿದರು. ನಾನು ಅರಸೀಕೆರೆಯಲ್ಲಿ ಕೂತು ನೋಡಿದೆ. ಹೊಟ್ಟೆಕಿಚ್ಚು ಬರಲಿಲ್ಲ, ನಿಜವಾಗಿಯೂ ಬರಲಿಲ್ಲ. ಆದರೆ ಒಂದು ವಿಷಯ ಬಹಳ ದಿನದಿಂದ ಬರೀಬೇಕು ಅಂತಿದ್ದೆ. ಅವತ್ತು ಸಂಜೆ ಚಿಕ್ಕಪ್ಪನ ಮಗಳು ಫೋನ್ ಮಾಡಿ, "ಅಕ್ಕಾ, ಎನ್‌ಡಿಎ ಫಾರಂ ಬಿಟ್ಟಿದ್ದಾರೆ, ನೀನೇ ತುಂಬಿಬಿಡು, ನಿಂಗೆಲ್ಲಾ ಗೊತ್ತಲ್ವಾ" ಅಂದಳು. ಅದಕ್ಕೇ ಇವತ್ತು ಬರೀತಿದ್ದೀನಿ.

2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಒಂದು ಮಧ್ಯಂತರ ಆದೇಶ ಕೊಟ್ಟಿತು. ಹುಡುಗಿಯರೂ ಎನ್‌ಡಿಎ ಪರೀಕ್ಷೆ ಬರೀಬಹುದು ಅಂತ. ಮಾರನೇ ದಿನ ಅಪ್ಪ ಡಿಪೋದಿಂದ ಬರುವಾಗ ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಲ್ಲಿಟ್ಟುಕೊಂಡು ಬಂದಿದ್ದರು. ಗ್ರೀಸ್ ಬೆರಳಿನ ಗುರುತು ಆ ಸುದ್ದಿ ಮೇಲೇ ಬಿದ್ದಿತ್ತು. "ನೋಡಮ್ಮಾ, ಇದು ನಿಂಗೆ" ಅಂದರು, ಅಷ್ಟೇ.

ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನಾನು ಎಸ್‌ಎಸ್‌ಎಲ್‌ಸಿ ತನಕ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಸೈನ್ಸ್. ಕೊರೋನಾದಿಂದ ನಮ್ಮ ವರ್ಷ ಸೆಕೆಂಡ್ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ. ಹಳೇ ಅಂಕ ನೋಡಿ ಪಾಸ್ ಮಾಡಿದರು. ಒಂದು ಪರೀಕ್ಷೆ ಬರೆಯೋಕೆ ಸಿದ್ಧಳಾಗಿದ್ದ ಹುಡುಗಿಗೆ ಬರೆಯೋಕೆ ಏನೂ ಇಲ್ಲದೆ ಕೈ ಖಾಲಿ ಖಾಲಿ ಅನ್ನಿಸುತ್ತಿತ್ತು. ಆಗ ಬಂತು ಈ ಸುದ್ದಿ.

ಆದರೆ ಸರ್ಕಾರ ಕೋರ್ಟಿಗೆ ಹೋಗಿ, ಹುಡುಗಿಯರಿಗೆ ಬೇಕಾದ ತಯಾರಿ ಮಾಡಿಕೊಳ್ಳಬೇಕು, 2022ರ ಮೇ ಪರೀಕ್ಷೆಯಿಂದ ತಗೋತೀವಿ ಅಂತ ಕೇಳಿತು. ಸೆಪ್ಟೆಂಬರ್ 22ಕ್ಕೆ ಕೋರ್ಟ್ ಅದನ್ನು ಒಪ್ಪಲಿಲ್ಲ. ನವೆಂಬರ್ ಪರೀಕ್ಷೆಗೇ ಕೂರಿಸಿ ಅಂದಿತು. ಎರಡೇ ದಿನಕ್ಕೆ, 24ನೇ ತಾರೀಕು, ಹುಡುಗಿಯರಿಗೆ ಅಂತಲೇ ಅರ್ಜಿ ತೆರೆದರು. ಅಕ್ಟೋಬರ್ 8ಕ್ಕೆ ಕೊನೆ.

ಹದಿನೈದು ದಿನ ಅಂದ್ರೆ ಜಾಸ್ತಿ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದರಲ್ಲಿ ಹನ್ನೊಂದು ದಿನ ಮಾತಿಗೇ ಹೋಯಿತು. ಅಜ್ಜಿ ಊಟ ಬಿಟ್ಟರು. "ಹೆಣ್ಣುಮಗೂನ ಗುಂಡಿನ ಬಾಯಿಗೆ ಕಳಿಸ್ತೀಯೇನೋ" ಅಂತ ಅಪ್ಪನ ಮೇಲೆ ಕೋಪ. ಅಮ್ಮನ ಚಿಂತೆ ಬೇರೆ. ಓದು ಅರ್ಧಕ್ಕೆ ನಿಂತುಹೋಗುತ್ತಲ್ಲಾ, ಖರ್ಚು ಎಷ್ಟಾಗುತ್ತೋ ಅಂತ. ಅಪ್ಪ ಎಲ್ಲವನ್ನೂ ಕೇಳಿಕೊಂಡು ಬಂದು ಹೇಳಿದರು. ಅಲ್ಲಿ ಮೂರು ವರ್ಷ, ಆರು ಟರ್ಮ್. ಮುಗಿದಾಗ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಡಿಗ್ರಿ ಕೈಗೆ ಬರುತ್ತೆ. ಆಮೇಲೆ ಒಂದು ವರ್ಷ ತಮ್ಮ ತಮ್ಮ ಸೇನೆಯ ಅಕಾಡೆಮಿ. ಭೂಸೇನೆಯವರು ಡೆಹ್ರಾಡೂನ್, ನೌಕಾಪಡೆಯವರು ಕೇರಳದ ಏಳಿಮಲ, ವಾಯುಪಡೆಯವರು ಹೈದರಾಬಾದ್ ಹತ್ತಿರದ ದುಂಡಿಗಲ್. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲಾ ಸರ್ಕಾರದ್ದು. ಡಿಗ್ರಿ ಅಂದಿದ್ದು ಕೇಳಿ ಅಮ್ಮ ಒಪ್ಪಿದಳು. ಅಜ್ಜಿ ಒಪ್ಪಲಿಲ್ಲ, ಆದರೆ ಊಟ ಮಾಡಿದರು.

ಅಷ್ಟರಲ್ಲಿ ಅಕ್ಟೋಬರ್ 5. ಸ್ಟೇಷನ್ ರಸ್ತೆಯ ಒಂದು ಸೈಬರ್ ಸೆಂಟರಿಗೆ ಹೋದೆವು. ಅಲ್ಲಿ ಸ್ಕಾಲರ್‌ಶಿಪ್ಪಿನವರು, ಆಧಾರ್ ತಿದ್ದುಪಡಿಯವರು, ಪಹಣಿಯವರು ಎಲ್ಲಾ ಕ್ಯೂ. ಅಂಗಡಿಯ ಹುಡುಗ ಒಳ್ಳೆಯವನೇ. ಆದರೆ ಅವನಿಗೆ ಪುರುಸೊತ್ತಿಲ್ಲ. "ಆಧಾರ್ ಕೊಡಿ, ಮಾರ್ಕ್ಸ್ ಕಾರ್ಡ್ ಕೊಡಿ, ಫೋಟೋ ಕೊಡಿ" ಅಂತ ಕೈ ಚಾಚಿದ. ನಾನು ಕೊಟ್ಟೆ. ಪರದೆ ಅವನ ಕಡೆಗಿತ್ತು. ನಾನೂ ಅಪ್ಪನೂ ಕೌಂಟರಿನ ಈಚೆ ಸ್ಟೂಲ್ ಮೇಲೆ. ಅವನು ಟಕಟಕ ಅಂತ ಬಡಿಯುತ್ತಾ ಹೋದ. ಮಧ್ಯೆ ಎರಡು ಪ್ರಶ್ನೆ ಕೇಳಿದ, ಸೆಂಟರ್ ಬೆಂಗಳೂರು ಹಾಕಲಾ, ಎನ್‌ಸಿಸಿ ಇದೆಯಾ ಅಂತ. ಹುಡುಗಿಯರಿಗೆ ಫೀಸ್ ಇರಲಿಲ್ಲ. ಒಂದು ಬಿಳಿ ಹಾಳೆ ಮೇಲೆ ಸಹಿ ಹಾಕಿಸಿಕೊಂಡು ಸ್ಕ್ಯಾನ್ ಮಾಡಿದ. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಇಡೀ ಅರ್ಜಿಯಲ್ಲಿ ನನ್ನ ಕೈಯಿಂದ ಬಂದದ್ದು ಆ ಸಹಿ ಒಂದೇ.

ಮನೆಗೆ ಬಂದು ಪ್ರಿಂಟ್ ನೋಡಿದೆ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಷಿಯಲ್ ಇವೆ. ಆಧಾರಿನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಪೂರ್ತಿ ಹೆಸರು ಸೇರಿಸಿದ್ದಾರೆ. ನಮ್ಮ ಕಡೆ ಅರ್ಧ ಊರಿನ ಕಥೆ ಇದೇ. ಈ ಪರೀಕ್ಷೆ ನಡೆಸುವ ಯುಪಿಎಸ್‌ಸಿ ಕೇಳುವುದು ಹತ್ತನೇ ತರಗತಿಯ ಸರ್ಟಿಫಿಕೇಟಿನಲ್ಲಿ ಇರುವ ಹಾಗೆ. ಅವನು ಹಾಕಿದ್ದು ಆಧಾರಿನದು. ಸೇನೆಗಳ ಆದ್ಯತೆ ಕೇಳುವ ಕಡೆ ಭೂಸೇನೆ ಮೊದಲು, ನೌಕಾಪಡೆ ಎರಡನೇದು, ವಾಯುಪಡೆ ಮೂರನೇದು ಅಂತ ಇತ್ತು. ನನ್ನನ್ನು ಕೇಳಿರಲಿಲ್ಲ. ಹೋಗಲಿ ಬಿಡು, ಪರೀಕ್ಷೆ ಪಾಸಾದರೆ ತಾನೇ ಅಂದುಕೊಂಡೆ.

ಪರೀಕ್ಷೆ ವಿಷಯ ಬೇಗ ಹೇಳಿಬಿಡ್ತೀನಿ, ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನವೆಂಬರ್ 14, ಭಾನುವಾರ. ಹಿಂದಿನ ದಿನವೇ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ಅತ್ತೆ ಮನೆಯಲ್ಲಿ ಉಳಿದಿದ್ದೆವು. ಬೆಳಿಗ್ಗೆ ಗಣಿತ, ಎರಡೂವರೆ ಗಂಟೆ, 120 ಪ್ರಶ್ನೆ, 300 ಅಂಕ. ಮಧ್ಯಾಹ್ನ ಜನರಲ್ ಎಬಿಲಿಟಿ, 150 ಪ್ರಶ್ನೆ, 600 ಅಂಕ, ಅದರಲ್ಲಿ ಇಂಗ್ಲಿಷಿಗೇ 200. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಕಡಿತ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಕನ್ನಡ ಮೀಡಿಯಂ ಮಕ್ಕಳಿಗೆ ಲೆಕ್ಕ ಬರಲ್ಲ ಅಂತಲ್ಲ. ಲೆಕ್ಕ ಏನು ಕೇಳ್ತಿದೆ ಅಂತ ತಿಳಿಯೋಕೆ ಅರ್ಧ ನಿಮಿಷ ಜಾಸ್ತಿ ಬೇಕು. ಒಂದು ಲೆಕ್ಕಕ್ಕೆ ಸಿಗುವುದೇ ಒಂದೂಕಾಲು ನಿಮಿಷ.

ಡಿಸೆಂಬರಿನಲ್ಲಿ ರಿಸಲ್ಟ್ ಬಂತು. ಅರ್ಜಿ ಹಾಕಿದ್ದ ಹುಡುಗಿಯರು ಒಂದೂಮುಕ್ಕಾಲು ಲಕ್ಷಕ್ಕೂ ಜಾಸ್ತಿ. ಬರವಣಿಗೆಯಲ್ಲಿ ಪಾಸಾದವರು 1,002. ಸೀಟು 19. ಆ ಸಾವಿರದ ಎರಡರಲ್ಲಿ ನನ್ನ ನಂಬರೂ ಇತ್ತು. ಅಪ್ಪ ಡಿಪೋದಲ್ಲಿ ಎಲ್ಲರಿಗೂ ಟೀ ಕೊಡಿಸಿದರಂತೆ. ನನಗೆ ಹೇಳಲಿಲ್ಲ, ಅವರ ಜೊತೆ ಕೆಲಸ ಮಾಡುವ ಒಬ್ಬ ಅಂಕಲ್ ಹೇಳಿದ್ದು.

ಮುಂದಿನದು ಎಸ್‌ಎಸ್‌ಬಿ, ಅಂದ್ರೆ ಸರ್ವೀಸಸ್ ಸೆಲೆಕ್ಷನ್ ಬೋರ್ಡ್. ಐದು ದಿನ. ಇದಕ್ಕೂ 900 ಅಂಕ. ಬರವಣಿಗೆಯ 900, ಇದರ 900, ಎರಡೂ ಸೇರಿಸಿ ಕೊನೆಗೆ ಮೆರಿಟ್ ಪಟ್ಟಿ. ನಮ್ಮ ಕಡೆ ಇದರ ಬಗ್ಗೆ ಹೇಳೋರು ಯಾರೂ ಇರಲಿಲ್ಲ. ಸೈನಿಕ ಶಾಲೆ ಮಕ್ಕಳಿಗೆ, ಫೌಜಿ ಮನೆಯವರಿಗೆ ಊಟ ಮಾಡುವಾಗಲೇ ಈ ಮಾತೆಲ್ಲಾ ಕಿವಿಗೆ ಬೀಳುತ್ತೆ. ನಮಗೆ ಬೀಳಲ್ಲ. ಅದಕ್ಕೆ ಅಪ್ಪ ಸಾಲ ಮಾಡಿ ಬೆಂಗಳೂರಿನ ಒಂದು ಕೋಚಿಂಗಿಗೆ ಎರಡು ವಾರ ಸೇರಿಸಿದರು. ಅಲ್ಲಿ ಕೆಲವು ಒಳ್ಳೆಯದನ್ನೂ ಕಲಿತೆ, ಇಲ್ಲ ಅನ್ನಲ್ಲ. ಆದರೆ ಕೊನೇ ದಿನ ಎಲ್ಲರಿಗೂ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಮಾದರಿ ಪಿಐಕ್ಯೂ.

ಪಿಐಕ್ಯೂ ಅಂದ್ರೆ ಎಸ್‌ಎಸ್‌ಬಿಯಲ್ಲಿ ನಮ್ಮ ಕೈಯಲ್ಲೇ ಬರೆಸುವ ಫಾರಂ. ಜಾಸ್ತಿ ವರ್ಷ ಇದ್ದ ಊರು ಯಾವುದು, ಅದು ಜಿಲ್ಲಾ ಕೇಂದ್ರವಾ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಏನು ಕೆಲಸ, ಆದಾಯ ಎಷ್ಟು, ನೀನು ಎಷ್ಟನೇ ಮಗು, ಯಾವ ತರಗತಿಯಲ್ಲಿ ಎಷ್ಟು ಅಂಕ, ಯಾವ ಆಟ ಆಡುತ್ತೀಯ, ಹವ್ಯಾಸ ಏನು, ಯಾವ ಜವಾಬ್ದಾರಿ ಹೊತ್ತಿದ್ದೀಯ. ಒಂದು ಹಾಳೆಯಲ್ಲಿ ಇಡೀ ಮನೆ ಇರುತ್ತೆ. ಇಂಟರ್‌ವ್ಯೂ ಮಾಡುವ ಅಧಿಕಾರಿ ಅದನ್ನು ಮುಂದೆ ಇಟ್ಟುಕೊಂಡೇ ಮಾತಾಡೋದು. ಅವರು ಎಲ್ಲಿಂದಲೋ ಪ್ರಶ್ನೆ ತರಲ್ಲ, ನಾವು ಬರೆದುಕೊಟ್ಟಿದ್ದರಿಂದಲೇ ತೆಗೆಯುತ್ತಾರೆ.

ಜೆರಾಕ್ಸಿನ ಪ್ರಕಾರ ಹವ್ಯಾಸ ಅನ್ನೋ ಕಡೆ ಹುಡುಗಿಯರು "ದಿನಪತ್ರಿಕೆ ಓದುವುದು, ಡೈರಿ ಬರೆಯುವುದು" ಅಂತ ಹಾಕಬೇಕು. ಪ್ರಶ್ನೆ ಬಂದರೆ ಉತ್ತರ ಹೇಳೋದು ಸುಲಭ ಅಂತ. ನಾನು ಹಾಗೇ ಬರೆದೆ. ನನ್ನ ಹತ್ತಿರ ಡೈರಿಯೇ ಇರಲಿಲ್ಲ.

ಬೆಂಗಳೂರಿನ ಸೆಲೆಕ್ಷನ್ ಸೆಂಟರಿಗೆ ಹೋದ ಮೊದಲ ದಿನವೇ ಸೈಬರಿನಲ್ಲಿ ತುಂಬಿಸಿದ ಆ ಫಾರಂ ಮತ್ತೆ ಎದುರಾಯಿತು. ದಾಖಲೆ ನೋಡುವ ಟೇಬಲ್ಲಿನಲ್ಲಿ ಹೆಸರು ಹೊಂದಲಿಲ್ಲ. ಪಕ್ಕಕ್ಕೆ ನಿಲ್ಲಿಸಿದರು. ಎರಡೂ ಹೆಸರು ನನ್ನದೇ ಅಂತ ಬರೆದುಕೊಟ್ಟೆ, ಬಿಟ್ಟರು. ಅವರು ಗೌರವದಿಂದಲೇ ಮಾತಾಡಿದರು. ಆದರೆ ಉಳಿದವರೆಲ್ಲಾ ಎದೆಗೆ ನಂಬರ್ ಕಟ್ಟಿಕೊಂಡು ಸಾಲಾಗಿ ಕೂತಿರುವಾಗ ನಾನೊಬ್ಬಳೇ ಟೇಬಲ್ ಹತ್ತಿರ ಬೆವರುತ್ತಾ ನಿಂತಿದ್ದೆ. ಸ್ಕ್ರೀನಿಂಗ್ ಶುರುವಾಗುವ ಮೊದಲೇ ಅರ್ಧ ಧೈರ್ಯ ಹೋಗಿತ್ತು.

ಆದರೂ ಸ್ಕ್ರೀನಿಂಗ್ ದಾಟಿದೆ. ಮಸುಕಾದ ಒಂದು ಚಿತ್ರ ಮೂವತ್ತು ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಕಥೆ ಬರೀಬೇಕು, ಆಮೇಲೆ ಗುಂಪಿನಲ್ಲಿ ಹೇಳಬೇಕು. ಮಧ್ಯಾಹ್ನ ನಂಬರ್ ಕೂಗಿದಾಗ ಅರ್ಧಕ್ಕಿಂತ ಜಾಸ್ತಿ ಜನ ಬ್ಯಾಗ್ ತಗೊಂಡು ಹೊರಟರು. ಎರಡನೇ ದಿನ ಸೈಕಾಲಜಿ. ಹನ್ನೆರಡು ಕಥೆ, ಕೊನೆಯದಕ್ಕೆ ಚಿತ್ರವೇ ಇರಲ್ಲ, ಖಾಲಿ ಪರದೆ. ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡ್. ಅರವತ್ತು ಸಂದರ್ಭ, ಅರ್ಧ ಗಂಟೆ. ಬೆರಳು ನೋಯುತ್ತೆ. ಅಲ್ಲಿ ನಟನೆ ಮಾಡೋಕೆ ಟೈಮೇ ಇರಲ್ಲ.

ಅವತ್ತು ಸಂಜೆ ಇಂಟರ್‌ವ್ಯೂ. ಅಧಿಕಾರಿಗೆ ಅಪ್ಪನ ವಯಸ್ಸು ಇರಬಹುದು. ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು, ನನಗೆ ತಿಳಿಯಲಿ ಅಂತಲೇ. ಮೊದಲು ಕೇಳಿದ್ದು, ನೌಕಾಪಡೆ ಎರಡನೇ ಆಯ್ಕೆ ಯಾಕೆ ಅಂತ. ನಾನು ಏನೋ ಹೇಳಿದೆ, ದೇಶದ ಕರಾವಳಿ ಅಂತೆಲ್ಲಾ. ಸಮುದ್ರ ನೋಡಿದ್ದೀಯಾ ಅಂದರು. ನೋಡಿರಲಿಲ್ಲ. ಇಲ್ಲ ಸರ್ ಅಂದೆ. ಅವರು ನಗಲಿಲ್ಲ, ತಲೆ ಆಡಿಸಿದರು. ವಾಯುಪಡೆ ಮೂರನೇದು ಯಾಕೆ ಅಂದರು. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ ಸಾಲು ನನ್ನದಲ್ಲ, ಸೈಬರ್ ಹುಡುಗನದು.

ಆಮೇಲೆ ಅಪ್ಪನ ಕೆಲಸದ ಕಡೆ ಬಂದರು. ಬಸ್ ಮೆಕ್ಯಾನಿಕ್ ಅಂತ ಬರೆದಿದ್ದೆ. ಅವರ ಮುಖ ಸ್ವಲ್ಪ ಅರಳಿತು. "ಅವರು ಕೆಲಸ ಮಾಡುವಾಗ ನೀನೂ ಯಾವಾಗಲಾದರೂ ಕೈ ಹಾಕಿದ್ದೀಯಾ?" ಅಂದರು.

ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ.

ನಮ್ಮ ಮನೆ ಮುಂದೆ ಒಂದು ಹೊಂಗೆ ಮರ ಇದೆ. ಭಾನುವಾರ ಅಪ್ಪ ಅದರ ಕೆಳಗೆ ಗೋಣಿಚೀಲ ಹಾಸಿ ಬೀದಿಯವರ ಬೈಕು, ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ನಾನು ಏಳನೇ ಕ್ಲಾಸಿನಿಂದ ಅವರ ಪಕ್ಕ ಕೂತವಳು. ಮೊದಲು ಸ್ಪ್ಯಾನರ್ ಎತ್ತಿಕೊಡೋದು. ಹತ್ತು ಹನ್ನೊಂದರ ಸ್ಪ್ಯಾನರ್ ಅಂದ್ರೆ ನೋಡದೆ ಕೊಡುತ್ತಿದ್ದೆ. ಆಮೇಲೆ ಕಾರ್ಬುರೇಟರ್ ನನ್ನ ಪಾಲಿಗೆ ಬಂತು. ಅಪ್ಪನ ಬೆರಳು ದಪ್ಪ. ಜೆಟ್ ಅಂತ ಒಂದು ಹಿತ್ತಾಳೆ ಸ್ಕ್ರೂ ಇರುತ್ತೆ, ಮಧ್ಯದಲ್ಲಿ ಸೂಜಿಮೊನೆಯಷ್ಟು ತೂತು. ಕಸ ಕೂತರೆ ಗಾಡಿ ಐಡ್ಲಿಂಗ್ ನಿಲ್ಲಲ್ಲ. ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿ, ಹಳೇ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ಬಿಡಿಸಿ, ತೂತಿನೊಳಗೆ ಹಾಕಿ ಆಡಿಸಬೇಕು. ದಪ್ಪ ತಂತಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ ಹಾಳು. ಆಮೇಲೆ ಬೆಳಕಿಗೆ ಹಿಡಿದು ನೋಡಬೇಕು. ತೂತಿನಾಚೆ ಆಕಾಶ ಒಂದು ಚುಕ್ಕಿ ಹಾಗೆ ಕಾಣಬೇಕು, ದುಂಡಗೆ. ಕಾಣಿಸಿದ ಕೂಡಲೇ "ಬಂತಪ್ಪಾ" ಅಂತಿದ್ದೆ. ಗಾಡಿ ಸ್ಟಾರ್ಟ್ ಆಗಿ ಸಣ್ಣ ಸದ್ದಿನಲ್ಲಿ ನಿಂತಾಗ ಅಪ್ಪ ನನ್ನ ಕಡೆ ನೋಡುತ್ತಿದ್ದರು. ನನ್ನ ಬಾಲ್ಯದಲ್ಲಿ ಅದಕ್ಕಿಂತ ದೊಡ್ಡ ಬಹುಮಾನ ಇರಲಿಲ್ಲ.

ಅಧಿಕಾರಿ ಕೇಳಿದರು. ನಾನು "ನೋ ಸರ್" ಅಂದೆ.

ಯಾಕೆ ಹಾಗಂದೆ ಅಂತ ನೂರು ಸಲ ಯೋಚಿಸಿದ್ದೀನಿ. ಹಾಳೆಯಲ್ಲಿ ಅದು ಇರಲಿಲ್ಲ. ಹಾಳೆಯಲ್ಲಿ ಡೈರಿ ಇತ್ತು, ದಿನಪತ್ರಿಕೆ ಇತ್ತು. ಈಗ ಹೌದು ಅಂದ್ರೆ, ಮತ್ತೆ ಯಾಕೆ ಬರೆದಿಲ್ಲ ಅಂತ ಕೇಳಿಬಿಟ್ಟರೆ ಅನ್ನೋ ಭಯ. ಗ್ರೀಸಿನ ಕೈ ಆಫೀಸರ್ ಆಗೋ ಹುಡುಗಿಗೆ ಒಪ್ಪಲ್ಲ ಅಂತಲೂ ಎಲ್ಲೋ ಒಳಗೆ ಇತ್ತೇನೋ. ಇಡೀ ಜೀವನದಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ವಿಷಯದ ಬಗ್ಗೆ ಒಬ್ಬರು ಆಸಕ್ತಿಯಿಂದ ಕೇಳಿದರು. ನಾನು ಗೊತ್ತಿಲ್ಲ ಅಂದೆ. ಅವರು ಸರಿ ಅಂತ ದಿನಪತ್ರಿಕೆಗೆ ಹೋದರು. ಇವತ್ತು ಬೆಳಿಗ್ಗೆ ಏನು ಓದಿದೆ ಅಂದರು. ಕೋಚಿಂಗಿನಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಅವರ ಕಣ್ಣಿನಲ್ಲಿದ್ದ ಆ ಬೆಳಕು ಹೋದದ್ದು ನನಗೆ ಕಾಣಿಸಿತು.

ಮಾರನೇ ದಿನ ಮೈದಾನ. ಪ್ರೋಗ್ರೆಸಿವ್ ಗ್ರೂಪ್ ಟಾಸ್ಕ್ ಅಂತ ಒಂದಿದೆ. ಹಗ್ಗ, ಹಲಗೆ, ಬಲ್ಲಿ ಅನ್ನೋ ಉದ್ದನೆಯ ಮರದ ಕೋಲು ಕೊಟ್ಟು, ನೆಲ ಮುಟ್ಟದೆ ಒಂದು ಅಡೆತಡೆಯಿಂದ ಇನ್ನೊಂದಕ್ಕೆ ಇಡೀ ಗುಂಪು ಭಾರ ಹೊತ್ತು ದಾಟಬೇಕು. ಕೆಂಪು ಬಳಿದ ಜಾಗ ಯಾರೂ ಮುಟ್ಟುವ ಹಾಗಿಲ್ಲ. ಮೂರನೇದರಲ್ಲಿ ಎಲ್ಲರೂ ಸಿಕ್ಕಿಹಾಕಿಕೊಂಡರು. ಹಲಗೆ ಆಚೆ ಕಡೆ ಮುಟ್ಟುತ್ತಿರಲಿಲ್ಲ. ಹಲಗೆಯನ್ನು ಬಲ್ಲಿಗೆ ಕಟ್ಟಿ, ಈ ತುದಿ ಮೇಲೆ ಇಬ್ಬರು ನಿಂತರೆ ಆ ತುದಿ ತೇಲುತ್ತೆ ಅಂತ ನನಗೆ ನೋಡಿದ ಕೂಡಲೇ ಹೊಳೆಯಿತು. ಅಪ್ಪ ಇಂಜಿನ್ ಎತ್ತುವಾಗ ನೋಡಿದ ಲೆಕ್ಕ ಅದು. ಪಕ್ಕದವಳಿಗೆ ಮೆಲ್ಲಗೆ ಹೇಳಿದೆ. ಅವಳು ಗಟ್ಟಿಯಾಗಿ ಕೂಗಿ ಹೇಳಿದಳು. ಎಲ್ಲರೂ ಅವಳ ಕಡೆ ತಿರುಗಿದರು. ಅವಳ ತಪ್ಪೇನೂ ಇಲ್ಲ, ಗಂಟು ಹಾಕುವಾಗ ನನ್ನನ್ನೇ ಕರೆದಳು. ಆದರೆ ಗಟ್ಟಿಯಾಗಿ ಹೇಳೋಕೆ ನನ್ನ ಬಾಯಿ ಬರಲಿಲ್ಲ. ಹಿಂದಿನ ದಿನ ಆ ರೂಮಿನಲ್ಲಿ ಮುಚ್ಚಿದ ಬಾಯಿ ಅದು.

ಐದನೇ ದಿನ ಕಾನ್ಫರೆನ್ಸ್. ಎಲ್ಲಾ ಅಧಿಕಾರಿಗಳೂ ಯೂನಿಫಾರಂನಲ್ಲಿ ಅರ್ಧ ಚಂದ್ರಾಕಾರವಾಗಿ ಕೂತಿರುತ್ತಾರೆ. ಒಬ್ಬೊಬ್ಬರೇ ಒಳಗೆ ಹೋಗಬೇಕು. ನನ್ನದು ಒಂದು ನಿಮಿಷವೂ ಆಗಲಿಲ್ಲ. ಊಟ ವಸತಿ ಚೆನ್ನಾಗಿತ್ತಾ ಅಂದರು. ಆಮೇಲೆ ಹೊರಗೆ ಬೆಂಚಿನ ಮೇಲೆ ಕಾದೆವು. ಎರಡು ನಂಬರ್ ಕೂಗಿದರು. ನನ್ನದು ಬರಲಿಲ್ಲ. ಯಾಕೆ ಅಂತ ಯಾರಿಗೂ ಹೇಳಲ್ಲ ಅಲ್ಲಿ. ಮೊದಲ ಸಲ ಬಂದವರಿಗೆ ಪ್ರಯಾಣದ ಖರ್ಚು ಕೊಡುತ್ತಾರೆ. ಆ ದುಡ್ಡನ್ನು ಅಪ್ಪನ ಕೈಗೆ ಕೊಟ್ಟೆ. ಅವರು ಎಣಿಸದೆ ದೇವರ ಫೋಟೋ ಹಿಂದೆ ಇಟ್ಟರು.

2022ರಲ್ಲೇ ಇನ್ನೂ ಎರಡು ಸಲ ಬರೆದೆ. ಏಪ್ರಿಲಿನಲ್ಲಿ ಗಣಿತ ಕೈಕೊಟ್ಟಿತು. ಸೆಪ್ಟೆಂಬರಿನದು ಪಾಸಾಗಿ, ಎಸ್‌ಎಸ್‌ಬಿಯಲ್ಲಿ ಸ್ಕ್ರೀನಿಂಗ್ ದಿನವೇ ವಾಪಸ್ ಬಂದೆ. ನನ್ನ ಹುಟ್ಟಿದ ತಾರೀಕಿಗೆ ಅದೇ ಕೊನೇ ಅವಕಾಶ. ಎನ್‌ಡಿಎಗೆ ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಅಷ್ಟೇ ಬಾಗಿಲು. ಆಮೇಲೆ ಹಾಸನದಲ್ಲಿ ಬಿಎಸ್ಸಿ ಮುಗಿಸಿದೆ, ಈಗ ಮನೆಯಲ್ಲಿ ಗಣಿತದ ಟ್ಯೂಷನ್ ಹೇಳ್ತೀನಿ.

ಅದಕ್ಕೇ ಚಿಕ್ಕಪ್ಪನ ಮಗಳು ಫೋನ್ ಮಾಡಿದಾಗ ತುಂಬಿಕೊಡಲ್ಲ ಅಂದೆ. ಅವಳಿಗೆ ಬೇಜಾರಾಯಿತು. ಮನೆಗೆ ಬಾ, ಪಕ್ಕದಲ್ಲಿ ಕೂರ್ತೀನಿ, ಕೀ ಒತ್ತೋದು ನೀನು ಅಂದೆ. ಭಾನುವಾರ ಬಂದಳು. ಅವಳ ಅಪ್ಪನೂ ಬಂದರು. ಈಗ ಪೋರ್ಟಲ್ ಹೊಸದು. ಅಕೌಂಟ್ ಮಾಡಿ, ನೋಂದಣಿ ಮಾಡಿ, ಆಮೇಲೆ ಫಾರಂ. ಆಧಾರ್ ಪಕ್ಕಕ್ಕಿಟ್ಟು ಎಸ್‌ಎಸ್‌ಎಲ್‌ಸಿ ಕಾರ್ಡ್ ಮುಂದೆ ಇಡಿಸಿದೆ. ಒಂದೊಂದು ಅಕ್ಷರ ನೋಡಿ ಒತ್ತಿದಳು. ಅವಳ ಅಮ್ಮನ ಹೆಸರಿನ ಸ್ಪೆಲ್ಲಿಂಗ್ ಎರಡು ಕಡೆ ಎರಡು ಥರ ಇತ್ತು. ಎದ್ದು ಫೋನ್ ಮಾಡಿ ಕೇಳಿಕೊಂಡು ಬಂದಳು.

ಆದ್ಯತೆಯ ಕಡೆ ಬಂದಾಗ ಕೈ ತೆಗೆಸಿದೆ. ಯಾಕೆ ಅಂತ ನಿನಗೆ ನೀನೇ ಹೇಳಿಕೊಂಡು ಒತ್ತು ಅಂದೆ. ಅವಳು ಪಿಸಿಎಂಬಿ ಓದ್ತಿದ್ದಾಳೆ, ಆದ್ದರಿಂದ ಮೂರೂ ತೆರೆದಿವೆ. ಆರ್ಟ್ಸ್, ಕಾಮರ್ಸಿನವರಾದರೆ ಭೂಸೇನೆ ಮಾತ್ರ, ವಾಯುಪಡೆ ನೌಕಾಪಡೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಬೇಕೇಬೇಕು. ಅವಳು ತುಂಬಾ ಹೊತ್ತು ಸುಮ್ನೆ ಕೂತು, "ವಾಯುಪಡೆ ಮೊದಲು ಅಕ್ಕ. ಮೈಸೂರಿಂದ ಬರುವಾಗ ಒಂದ್ಸಲ ಹೆಲಿಕಾಪ್ಟರ್ ತಗ್ಗಲ್ಲಿ ಹೋಗಿದ್ದು ನೋಡಿ ಆಸೆ ಆಗಿತ್ತು. ಇದು ಸಾಕಾ?" ಅಂದಳು. ಸಾಕು ಅಂದೆ. ಅವಳದ್ದೇ ಅಲ್ವಾ.

ಫಾರಂ ಸಲ್ಲಿಸಿದಮೇಲೆ ಮೆಡಿಕಲ್ ಬಗ್ಗೆ ಎರಡು ಮಾತು ಹೇಳಿದೆ. ಹಲ್ಲು, ಕಿವಿಯ ಗುಗ್ಗೆ, ಚಪ್ಪಟೆ ಪಾದ, ತೂಕ, ಬಣ್ಣ ಗುರುತಿಸೋದು, ಇದನ್ನೆಲ್ಲಾ ಈಗಲೇ ಒಬ್ಬ ಡಾಕ್ಟರ ಹತ್ತಿರ ತೋರಿಸಿಕೊಂಡು ಬಾ ಅಂತ. ಎಲ್ಲಾ ಪಾಸಾಗಿ ಅಲ್ಲಿ ಹೋಗಿ ಗೊತ್ತಾಗೋದಕ್ಕಿಂತ ಇದು ವಾಸಿ.

ನಾನೂ ಅವತ್ತೇ ನನ್ನ ಫಾರಂ ತುಂಬಿದೆ. ಡಿಗ್ರಿ ಮುಗಿಸಿದವರಿಗೆ ಸಿಡಿಎಸ್ ಅಂತ ಇದೇ ಥರ ಸೇನಾಧಿಕಾರಿ ಆಗೋ ಪರೀಕ್ಷೆ ಇದೆ. ಹುಡುಗಿಯರಿಗೆ ಅದರಲ್ಲಿ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ. ಎರಡೂ ಪರೀಕ್ಷೆ ಒಂದೇ ದಿನ, ಒಂದೇ ರೈಲಿನಲ್ಲಿ ಹೋಗ್ತೀವಿ. ಈ ಸಲ ನನ್ನ ಪಿಐಕ್ಯೂನಲ್ಲಿ ಹಿಂದಿನ ಎರಡು ಎಸ್‌ಎಸ್‌ಬಿಯ ಸೋಲೂ ಬರೀಬೇಕು, ಅದಕ್ಕೂ ಒಂದು ಕಾಲಂ ಇದೆ. ಹವ್ಯಾಸದ ಕಡೆ ಏನು ಬರೀಬೇಕು ಅಂತ ನನಗೆ ಗೊತ್ತು.

ರಾತ್ರಿ ಊಟ ಆದಮೇಲೆ ಅವಳಿಗೆ ನೋಟ್‌ಬುಕ್ಕಿನಲ್ಲಿ ಪಿಐಕ್ಯೂ ಬರೆಸಿದೆ, ಸುಮ್ನೆ ಅಭ್ಯಾಸಕ್ಕೆ. ತಂದೆಯ ಉದ್ಯೋಗ ಅನ್ನೋ ಕಡೆ "ಬಿಸಿನೆಸ್" ಅಂತ ಬರೆದಳು. ಚಿಕ್ಕಪ್ಪ ತೋಟ ತೋಟಕ್ಕೆ ಹೋಗಿ ಕಾಯಿ ಸುಲಿಯುತ್ತಾರೆ. ನಾನು ಏನೂ ಅನ್ನಲಿಲ್ಲ. ಅವಳು ಪೆನ್ನು ಹಿಡಿದುಕೊಂಡು ಆ ಪದವನ್ನೇ ನೋಡುತ್ತಿದ್ದಳು. ಜಗಲಿ ಮೇಲೆ ಚಿಕ್ಕಪ್ಪ ಅಪ್ಪನ ಜೊತೆ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು. ಒಂದು ಗೆರೆ ಎಳೆದು ಅದನ್ನು ಹೊಡೆದುಹಾಕಿದಳು. ಆಮೇಲೆ ಎದ್ದು ಬಾಗಿಲಿಗೆ ಹೋಗಿ ಕೇಳಿದಳು.

"ಅಪ್ಪಾ, ನೀನು ದಿನಕ್ಕೆ ಎಷ್ಟು ಕಾಯಿ ಸುಲೀತೀಯಾ?"

"ಯಾಕಮ್ಮಾ?"

"ಬರ್ಕೋಬೇಕು. ಗೂಟ ನೆಡೋದ್ರಿಂದ ಹಿಡಿದು ಹೇಳು, ನಿಧಾನವಾಗಿ."

ಚಿಕ್ಕಪ್ಪ ಒಳಗೆ ಬಂದು ನೆಲದ ಮೇಲೆ ಕೂತು ಹೇಳೋಕೆ ಶುರು ಮಾಡಿದರು.